ಗಿಡ ನೆಡುವುದು ಬಿಟ್ಟರೆ ವಿದ್ಯಾರ್ಥಿಗಳು ಇನ್ನೇನು ಮಾಡಬಹುದು?

ಮಂಗಳೂರಿನಲ್ಲಿ ಬಿಎಸ್ಸಿ ಓದುತ್ತಿದ್ದೀರಿ, ಹವಾಮಾನ ಬದಲಾವಣೆಯ ವಿಷಯದಲ್ಲಿ ಏನಾದರೂ ಮಾಡಬೇಕು ಅಂತ ಆಸೆ ಇದೆ, ಆದರೆ ಗಿಡ ನೆಡುವುದು ಮತ್ತು ಜಾಥಾ ಬಿಟ್ಟು ಬೇರೇನೂ ಹೊಳೆಯುತ್ತಿಲ್ಲ ಅಂತ ಕೇಳಿದ್ದೀರಿ.

ನಾನು ಉಡುಪಿ ಕಡೆಯವಳು. ಕಾಲೇಜಿನಲ್ಲಿ ಎನ್ನೆಸ್ಸೆಸ್‌ನಲ್ಲಿದ್ದೆ. ನನ್ನನ್ನು ಕೇಳಿದರೆ, ನೀರಿನಿಂದ ಶುರು ಮಾಡಿ.

ನಮ್ಮ ಎರಡೂ ಜಿಲ್ಲೆಗಳಲ್ಲಿ ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆದರೂ 2019ರ ಬೇಸಿಗೆಯಲ್ಲಿ ಕುಡಿಯುವ ನೀರು ಕೊಡುವ ತುಂಬೆ, ಬಜೆ ಅಣೆಕಟ್ಟುಗಳಲ್ಲಿ ನೀರು ತೀರಾ ಇಳಿದು, ಮಂಗಳೂರು, ಉಡುಪಿ ಎರಡೂ ಕಡೆ ನಲ್ಲಿ ನೀರಿಗೆ ರೇಷನಿಂಗ್ ಬಂತು. ಮರುವರ್ಷ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ಮನೆಯೊಳಗೇ ನೆರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿದು, ಇಂಗದೆ ಕಡಲು ಸೇರುವುದು ಹೆಚ್ಚುತ್ತದೆ. ಅದನ್ನು ಸ್ವಲ್ಪ ತಡೆದು ನಿಲ್ಲಿಸಬೇಕು, ಅಲ್ವಾ?

ಅದಕ್ಕೆ ನಮ್ಮ ಹಿರಿಯರ ದಾರಿ ಕಟ್ಟ. ಮಳೆ ನಿಂತ ಮೇಲೆ, ನವೆಂಬರ್–ಡಿಸೆಂಬರಿನಲ್ಲಿ, ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ತಾತ್ಕಾಲಿಕ ಒಡ್ಡು ಕಟ್ಟುವುದು. ನಾವು ನಲವತ್ತು ಮಂದಿ ಒಂದು ಭಾನುವಾರ ಅಡಿಕೆ ತೋಟದ ಪಕ್ಕದ ತೋಡಿನಲ್ಲಿ ಕಟ್ಟಿದೆವು. ಮೊದಲು ಪ್ಲಾಸ್ಟಿಕ್ ಚೀಲಗಳಿಗೆ ಬಾಯಿಯವರೆಗೆ ಮಣ್ಣು ತುಂಬಿದ್ದೆವು. ತೋಟದ ಅಜ್ಜ ನೋಡಿ, "ಮುಕ್ಕಾಲು ತುಂಬಿಸಿ ಮಕ್ಕಳೇ, ಇಲ್ಲದಿದ್ದರೆ ಒಂದಕ್ಕೊಂದು ಕೂರುವುದಿಲ್ಲ" ಅಂದರು. ಹೌದು, ಗಟ್ಟಿ ಚೀಲಗಳ ಸಂದಿಯಲ್ಲಿ ನೀರು ಸೋರುತ್ತಲೇ ಇತ್ತು. ಎಲ್ಲ ಬಿಚ್ಚಿ, ಎರಡು ಸಾಲು ಇಟ್ಟು, ನಡುವೆ ಮಣ್ಣು ತುಂಬಿ ತುಳಿದೆವು. ಸಂಜೆ ಹೊತ್ತಿಗೆ ಮೊಣಕಾಲಿನವರೆಗೆ ನೀರು ನಿಂತಿತು. ಆ ಖುಷಿ ಇವತ್ತಿಗೂ ಮರೆತಿಲ್ಲ.

ತೋಟದವರನ್ನೂ ಪಂಚಾಯತನ್ನೂ ಕೇಳಿಯೇ ಕಟ್ಟಿ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಚೀಲ ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ಆ ಪ್ಲಾಸ್ಟಿಕ್ ಎಲ್ಲ ಕಡಲಿಗೆ ಹೋಗುತ್ತದೆ.

ಕಟ್ಟದ ಜೊತೆ ಬಾವಿ ಅಳೆಯಿರಿ. ಇದನ್ನು ನಾವು ಮಾಡಲಿಲ್ಲ, ಈಗ ಬೇಸರವಾಗುತ್ತದೆ. ಸುತ್ತಲಿನ ಬಾವಿಗಳಲ್ಲಿ ನೀರು ಏರಿತು ಅಂತ ಎಲ್ಲರೂ ಹೇಳಿದರು, ಎಷ್ಟು ಅಂತ ತೋರಿಸಲು ನಮ್ಮ ಹತ್ತಿರ ಒಂದು ಅಂಕಿಯೂ ಇರಲಿಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಬಾವಿಕಟ್ಟೆಯಿಂದ ನೀರಿನವರೆಗೆ ಎಷ್ಟು ಅಂತ ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ಹತ್ತು ಬಾವಿಗಳ ಲೆಕ್ಕ ಹಿಡಿದು ಗ್ರಾಮಸಭೆಗೆ ಹೋದರೆ, ಕಿಂಡಿ ಅಣೆಕಟ್ಟಿಗೆ (ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಅಣೆಕಟ್ಟು) ಹಲಗೆ ಯಾಕೆ ಹಾಕಿಲ್ಲ ಅಂತ ಧೈರ್ಯವಾಗಿ ಕೇಳಬಹುದು.

ಆದರೆ ಕಟ್ಟದಿಂದ ಭೂಮಿ ಬಿಸಿಯಾಗುವುದು ನಿಲ್ಲುವುದಿಲ್ಲ. ಅದಕ್ಕೆ ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು. ಪಡುಬಿದ್ರಿ ಹತ್ತಿರದ 1200 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ನೀವೂ ಬಸ್ಸಿನಿಂದ ನೋಡಿರಬಹುದು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಿಮ್ಮ ಕಾಲೇಜಿನ ಒಂದು ವರ್ಷದ ಕರೆಂಟ್ ಬಿಲ್ ಕೇಳಿ ಗುಣಿಸಿ ನೋಡಿ. ತಾರಸಿಯಲ್ಲಿ ಸೋಲಾರ್ ಹಾಕಿಸಿ ಅಂತ ಪ್ರಾಂಶುಪಾಲರ ಹತ್ತಿರ ಮಾತಾಡಲು ಆ ಲೆಕ್ಕ ಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಮನೆ ಬಾವಿಯನ್ನೇ ಅಳೆದು ತಾರೀಕು ಹಾಕಿ ಬರೆದಿಡಿ. ಕಟ್ಟ ಕಟ್ಟುವ ಮುಂಚಿನ ಅಳತೆ ಆಮೇಲೆ ಎಲ್ಲೂ ಸಿಗುವುದಿಲ್ಲ.