ಉಪ್ಪಾಗೆ ಕ್ಯಾಪ್ಸೂಲ್ ನುಂಗಿದರೆ ತೂಕ ಇಳಿಯುತ್ತದಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ, ತೂಕ 79 ಕೆ.ಜಿ. ಪಕ್ಕದ ಮನೆಯವರ ಮಾತು ಕೇಳಿ ಗಾರ್ಸಿನಿಯಾ ಕ್ಯಾಪ್ಸೂಲ್ ತರಿಸಿಕೊಂಡೆ. ಮೂರು ವಾರದಿಂದ ನುಂಗುತ್ತಿದ್ದೇನೆ. ಗಿಡದ್ದೇ ಅಲ್ವಾ, ಏನೂ ಆಗಲ್ಲ ಅಂತಾರೆ. ಈಗೀಗ ಬೆಳಿಗ್ಗೆ ವಾಕರಿಕೆ, ಸುಸ್ತು. ಮುಂದುವರಿಸಲಾ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಇವತ್ತೇ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿ.

ಗಾರ್ಸಿನಿಯಾ ಅಂದರೆ ನಮ್ಮ ಉಪ್ಪಾಗೆ. ನಾನು ಶಿರಸಿ ಕಡೆಯವಳು. ಮಳೆಗಾಲದಲ್ಲಿ ಅಜ್ಜಿ ಹಣ್ಣು ಬಿಡಿಸಿ, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಿದ್ದರು. ಅದು ಕಪ್ಪಗೆ, ಹಳೇ ಚರ್ಮದ ಹಾಗೆ ಆಗುತ್ತಿತ್ತು. ಬೀಜದಿಂದ ತುಪ್ಪ. ಒಂದೆರಡು ಚೂರು ಸಿಪ್ಪೆ ಹಾಕಿದರೆ ಮನೆಮಂದಿಯ ಸಾರಿಗೆಲ್ಲ ಹುಳಿ. ಆ ಸಾರಿನ ಬಗ್ಗೆ ನನಗೆ ಯಾವ ಭಯವೂ ಇಲ್ಲ.

ಆ ಹುಳಿಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ದೇಹ ಸಕ್ಕರೆಯನ್ನು ಕೊಬ್ಬು ಮಾಡಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಇಲಿಗಳಿಗೆ ಕೊಟ್ಟಾಗ ಅವು ತಿನ್ನುವುದೂ ಕಡಿಮೆಯಾಯಿತು. ಆಸೆ ಹುಟ್ಟಿದ್ದು ಅಲ್ಲಿಂದ. ಆದರೆ ಅಮೆರಿಕದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 1500 ಮಿಲಿಗ್ರಾಂ ಆಮ್ಲ ತೆಗೆದುಕೊಂಡವರಿಗೂ ಔಷಧವಿಲ್ಲದ ಸುಮ್ನೆ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ನನ್ನನ್ನು ಕಾಡುವುದು ಲಿವರ್. ಇಂಥ ಕ್ಯಾಪ್ಸೂಲ್ ನುಂಗಿದ ಕೆಲವರಿಗೆ ಲಿವರ್ ಕೆಟ್ಟು, ಕಸಿ ಮಾಡಿಸುವ ಹಂತಕ್ಕೂ ಹೋಗಿದೆ. ಗ್ರೀನ್ ಟೀ ಕತೆಯೂ ಹೀಗೇ. ಲೋಟದಲ್ಲಿ ಕುಡಿದರೆ ಸರಿ. ಅದರ ಸಾರವನ್ನು ಗಟ್ಟಿ ಮಾಡಿ ಕ್ಯಾಪ್ಸೂಲ್‌ನಲ್ಲಿ ಜಾಸ್ತಿ ತುಂಬಿದರೆ ಲಿವರ್‌ಗೆ ಪೆಟ್ಟು ಬೀಳಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಗಿಡದ್ದೇ ಬೇಕು ಅಂದರೆ ಗಾಂಧಿ ಬಜಾರಿನಿಂದ ಒಂದು ಕಟ್ಟು ಮೆಂತ್ಯ ಸೊಪ್ಪು ತಂದು ಹುಳಿ ಮಾಡಿ. ನೆನೆಸಿದ ಮೆಂತ್ಯ ಕಾಳಿನ ಲೋಳೆ ನೋಡಿದ್ದೀರಲ್ಲ? ಅದು ನಾರು. ಹೊಟ್ಟೆಯಲ್ಲಿ ಉಬ್ಬಿ ಹಸಿವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಅಷ್ಟೇ, ತಾನಾಗಿ ಕೊಬ್ಬು ಕರಗಿಸುವುದಿಲ್ಲ.

ನಾಳೆಯೇ ಡಾಕ್ಟರ್ ಹತ್ತಿರ ಹೋಗಿ ಲಿವರ್ ಟೆಸ್ಟ್ ಮಾಡಿಸಿ. ಕ್ಯಾಪ್ಸೂಲ್ ಡಬ್ಬಿ ಎಸೆಯಬೇಡಿ, ಕೈಯಲ್ಲೇ ಹಿಡಿದುಕೊಂಡು ಹೋಗಿ. ಅದರಲ್ಲಿ ಬೇರೇನು ಬೆರೆಸಿದ್ದಾರೆ ಅಂತ ಅವರು ಓದಿ ನೋಡಬೇಕು. ಕಣ್ಣು ಹಳದಿಯಾದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ರಿಪೋರ್ಟ್ ಬಂದ ಮೇಲೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿನ್ನುತ್ತೀರಿ ಅಂತ ಒಂದು ವಾರ ಬರೆದು ಕಳಿಸಿ. ತೂಕದ ಮಾತು ಅಲ್ಲಿಂದ ಶುರು ಮಾಡೋಣ.