ಪದ ಕಣ್ಣಿಗೆ ಕಾಣುತ್ತದೆ, ಗ್ರೆಪ್‌ಗೆ ಸಿಗುತ್ತಿಲ್ಲ
ಲಾಗ್ ಫೈಲನ್ನು ಎಡಿಟರ್‌ನಲ್ಲಿ ತೆರೆದರೆ 'ಎರರ್' ಕಾಣಿಸುತ್ತದೆ, ಪದ ಹುಡುಕುವ ಗ್ರೆಪ್ ಕಮಾಂಡ್ ಮಾತ್ರ ಏನೂ ತೋರಿಸುವುದಿಲ್ಲ ಅಂದಿದ್ದೀರಿ. ಫೈಲ್ ವಿಂಡೋಸ್‌ನಿಂದ ಬಂದಿದ್ದರೆ ಬಹುಶಃ ಅದು ಯುಟಿಎಫ್-16ರಲ್ಲಿದೆ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಒಂದು ಎನ್‌ಕೋಡಿಂಗ್. ಅದರಲ್ಲಿ ಪ್ರತಿ ಇಂಗ್ಲಿಷ್ ಅಕ್ಷರದ ಜೊತೆ ಒಂದು ಸೊನ್ನೆ ಬೈಟ್ ಇರುತ್ತದೆ. ಇಂಗ್ಲಿಷಿನಲ್ಲಿ ಐದಕ್ಷರದ 'ಎರರ್' ಫೈಲಿನೊಳಗೆ 10 ಬೈಟ್. ಗ್ರೆಪ್ ಹುಡುಕುವುದು ಒತ್ತಾಗಿ ಕೂತ 5 ಬೈಟ್. ಸಿಗುವುದಾದರೂ ಹೇಗೆ?

ಮೊದಲು ಫೈಲಿನ ಬಗೆ ಹೇಳುವ 'ಫೈಲ್' ಕಮಾಂಡ್‌ಗೆ ಆ ಫೈಲಿನ ಹೆಸರು ಕೊಟ್ಟು ನೋಡಿ. ಯುಟಿಎಫ್-16 ಅಂತ ಬಂದರೆ ಕಾರಣ ಇದೇ. ಬರದಿದ್ದರೆ ನನ್ನ ಊಹೆ ತಪ್ಪಿರಬಹುದು. ಆಗ ದೊಡ್ಡಕ್ಷರ ಸಣ್ಣಕ್ಷರದ ತಕರಾರೇನೋ, ಗ್ರೆಪ್‌ಗೆ ಮೈನಸ್ ಐ ಸೇರಿಸಿ ಹುಡುಕಿ.

ಯುಟಿಎಫ್-16 ಅಂತಲೇ ಬಂದಿದ್ದರೆ, ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ (iconv) ಕಮಾಂಡ್‌ಗೆ ಮೈನಸ್ ಎಫ್ ಯುಟಿಎಫ್-16, ಮೈನಸ್ ಟಿ ಯುಟಿಎಫ್-8 (ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್), ಕೊನೆಗೆ ಫೈಲಿನ ಹೆಸರು ಕೊಡಿ. ಔಟ್‌ಪುಟ್ಟನ್ನು ಪೈಪ್ (|) ಹಾಕಿ ಗ್ರೆಪ್‌ಗೆ ಕಳಿಸಿ. ಮೂಲ ಫೈಲ್ ಹಾಗೇ ಇರುತ್ತದೆ. ಸುಮ್ನೆ ಗ್ರೆಪ್‌ಗೆ ಮೈನಸ್ ಎ (ಫೈಲನ್ನು ಪಠ್ಯ ಅಂತಲೇ ಓದು ಅನ್ನುವ ಆಯ್ಕೆ) ಹಾಕಿ ಅಂತ ಯಾರಾದರೂ ಹೇಳಿಯಾರು, ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಸೊನ್ನೆಗಳು ಅಲ್ಲೇ ಇರುತ್ತವೆ, ಅಲ್ವಾ?

ಇಂಥ ಫೈಲ್ ಜಾಸ್ತಿ ಇದ್ದರೆ ಗ್ರೆಪ್‌ನಂಥದೇ ಇನ್ನೊಂದು ಸಾಧನ ರಿಪ್‌ಗ್ರೆಪ್ ಹಾಕಿಕೊಳ್ಳಿ. ಫೈಲಿನ ಶುರುವಿನಲ್ಲಿ ಎನ್‌ಕೋಡಿಂಗ್ ತಿಳಿಸುವ ಬಿಒಎಂ ಗುರುತು ಇದ್ದರೆ ಅದು ಯುಟಿಎಫ್-16 ಅನ್ನು ತಾನೇ ಕಂಡುಹಿಡಿದು ಹುಡುಕುತ್ತದೆ.