ಹುಡುಗನಿಗೆ ಹೆಪಟೈಟಿಸ್ ಬಿ ಇದೆ, ಸಂಬಂಧ ಮುಂದುವರಿಸಬಹುದೇ?

ಧಾರಾಳವಾಗಿ. ಅವರಿಗೆ ರಕ್ತದಾನಕ್ಕೆ ಹೋದಾಗ ಗೊತ್ತಾಯಿತು ಎಂದಿದ್ದೀರಿ. ಎಷ್ಟೋ ಜನರಿಗೆ ಗೊತ್ತಾಗುವುದೇ ಹಾಗೆ. ಲಿವರ್‌ಗೆ ತಗಲುವ ಈ ವೈರಸ್‌ಗೆ ಲಸಿಕೆ ಇದೆ, ಎಚ್‌ಐವಿಗಾಗಲಿ ಜನನಾಂಗದ ಹರ್ಪಿಸ್‌ಗಾಗಲಿ ಇನ್ನೂ ಇಲ್ಲ.

ಮೊದಲು ನೀವು ರಕ್ತಪರೀಕ್ಷೆ ಮಾಡಿಸಿ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಅಂತ ಬಂದರೆ ಮೂರು ಡೋಸ್: ಈಗೊಂದು, ಒಂದು ತಿಂಗಳಾದ ಮೇಲೊಂದು, ಈಗಿನಿಂದ ಆರು ತಿಂಗಳಿಗೊಂದು. ಹೆಚ್ಚಿನವರು ಇಲ್ಲಿಗೇ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ-ಎಚ್‌ಬಿಎಸ್ ಪರೀಕ್ಷೆ (ರಕ್ತದಲ್ಲಿ ರಕ್ಷಣೆ ಬಂದಿದೆಯೇ ಎಂದು ನೋಡುವುದು) ಮಾಡಿಸಿ. ರಿಪೋರ್ಟಿನಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಲಸಿಕೆ ಕೆಲಸ ಮಾಡಿದೆ ಎಂದರ್ಥ. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು.

ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ ಹರಡುವುದಿಲ್ಲ. ರೇಜರ್, ಟೂತ್‌ಬ್ರಷ್, ನೇಲ್ ಕಟರ್ ಮಾತ್ರ ಬೇರೆ ಬೇರೆ ಇರಲಿ. ಅವಕ್ಕೆ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದ್ದರೂ ಸೋಂಕು ತಗಲಲು ಸಾಕು.

ಹುಡುಗ ವೈದ್ಯರು ಹೇಳಿದ ಹಾಗೆ ಲಿವರ್ ತಪಾಸಣೆ ಮಾಡಿಸುತ್ತಿರಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಇನ್ನು ಮನೆಯವರಿಗೆ ಹೇಳುವ ವಿಷಯ: ಅದು ಹುಡುಗನ ಕಾಯಿಲೆ, ಯಾರಿಗೆ ಯಾವಾಗ ಹೇಳಬೇಕೆಂದು ಅವರೇ ತೀರ್ಮಾನಿಸಲಿ. ನಿಮಗಂತೂ ಹೇಳಿದ್ದಾರಲ್ಲ.